ಮಗ್ಗಿ ಹೇಳಿಕೊಂಡು ಓಡಿದ ಮಕ್ಕಳು: ತೀರ್ಥಹಳ್ಳಿ ಕಡೆಯ ಒಂದು ಬೇಸಿಗೆ ಓಟದ ಶಿಬಿರ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಏಳನೇ ಕ್ಲಾಸಿನಿಂದ ಪಿಯುಸಿವರೆಗಿನ ಮಗು ಇದ್ದರೆ, ಅದರಲ್ಲೂ ಹೆಣ್ಣುಮಗು ಇದ್ದರೆ, ಇಂಥ ಶಿಬಿರ ಹತ್ತಿರದಲ್ಲಿ ಎಲ್ಲಿ ನಡೆದರೂ ಕಳಿಸಿ. ಮಗು ಚೆನ್ನಾಗಿ ಓಡುತ್ತದೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕೊರತೆಗಳೂ ಇದ್ದವು, ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಶಿಬಿರ ನಡೆದದ್ದು ತೀರ್ಥಹಳ್ಳಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನ ಮೈದಾನದಲ್ಲಿ. ಏಪ್ರಿಲ್ ಕೊನೆಗೆ ಶುರುವಾಗಿ ಮೂರು ವಾರ. ಇದೇ ಮೊದಲ ವರ್ಷ. ಊರಿನ ಹೆಸರು, ನಡೆಸಿದವರ ಹೆಸರು ಹಾಕುತ್ತಿಲ್ಲ, ಹಾಕಬೇಡಿ ಅಂತ ಅವರೇ ಕೇಳಿಕೊಂಡರು. ಜಾಗ ಇರುವುದು ನಲವತ್ತು ಮಕ್ಕಳಿಗೆ. ಅದು ಸುತ್ತಮುತ್ತಲಿನ ಹಳ್ಳಿಯವರಿಗೇ ಸಾಲದು, ದೂರದಿಂದ ಫೋನ್ ಬಂದರೆ ಇಲ್ಲ ಅನ್ನುವುದಕ್ಕೆ ಬೇಜಾರಾಗುತ್ತದೆ ಅಂದರು. ಆದರೂ ಬರೆಯುತ್ತಿದ್ದೇನೆ. ಸಾಗರ, ಸೊರಬ, ಹೊಸನಗರ, ಕೊಪ್ಪ, ಶೃಂಗೇರಿ, ಎಲ್ಲ ಕಡೆಯೂ ಇಂಥದ್ದೊಂದು ಶುರುವಾಗಲಿ ಅನ್ನುವುದು ನನ್ನ ಆಸೆ. ಶುರು ಮಾಡಬೇಕು ಅಂದುಕೊಂಡವರಿಗೆ ಇಲ್ಲಿ ನಡೆದ ರೀತಿ ಗೊತ್ತಿದ್ದರೆ ಒಳ್ಳೆಯದು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮಗಳು ಈಗ ಹತ್ತನೇ ಕ್ಲಾಸ್. ತಂಗಿಯ ಮಗ ಭದ್ರಾವತಿಯಿಂದ ರಜೆಗೆ ಬಂದಿದ್ದ, ಅವನನ್ನೂ ಜೊತೆಗೆ ಸೇರಿಸಿದೆ. ಡ್ಯೂಟಿ ಇಲ್ಲದ ದಿನ ಬೆಳಿಗ್ಗೆ ನಾನೇ ಮಕ್ಕಳ ಜೊತೆ ಹೋಗಿ ಮೈದಾನದ ಕಟ್ಟೆ ಮೇಲೆ ಕೂತು ನೋಡುತ್ತಿದ್ದೆ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಕಣ್ಣಾರೆ ನೋಡಿದ್ದು.

ಓಟದ ಶಿಬಿರ ಎಂತಕ್ಕೆ ಬೇಕು ಅಂತ ನಮ್ಮ ಅತ್ತೆಯೇ ಕೇಳಿದರು. ನಮ್ಮ ಮಕ್ಕಳು ಗುಡ್ಡ ಹತ್ತಿ ಇಳಿದು ಶಾಲೆಗೆ ಹೋಗುವವರು, ಅವಕ್ಕೆ ಓಡುವುದನ್ನು ಬೇರೆ ಕಲಿಸಬೇಕಾ ಅಂತ. ಸಣ್ಣವರಿದ್ದಾಗ ಅದು ಸರಿ. ಐದನೇ ಕ್ಲಾಸಿನ ತನಕ ಹುಡುಗಿಯರೂ ಹುಡುಗರ ಜೊತೆ ಜೊತೆಗೇ ಓಡುತ್ತಾರೆ. ಏಳನೇ ಕ್ಲಾಸ್ ದಾಟಿದ ಮೇಲೆ ನೋಡಿ. ಮುಟ್ಟು ಶುರುವಾಗುತ್ತದೆ, ಮೈ ಬದಲಾಗುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹುಡುಗರು ನೋಡುತ್ತಾರೆ ಅನ್ನುವ ಮುಜುಗರ. ಪಿಟಿ ಪೀರಿಯಡ್ಡಿನಲ್ಲಿ ಹುಡುಗರು ಮೈದಾನಕ್ಕೆ ಇಳಿಯುತ್ತಾರೆ, ಹುಡುಗಿಯರು ಮರದ ಕೆಳಗೆ ಕೂತು ನೋಟ್ಸ್ ಬರೆಯುತ್ತಾರೆ. ಯಾರೂ ಬೇಡ ಅಂದಿರುವುದಿಲ್ಲ, ಆದರೆ ಓಟ ನಿಂತುಹೋಗಿರುತ್ತದೆ. ಹುಡುಗರಲ್ಲೂ ಅಷ್ಟೇ. ತಾಲೂಕು ಮಟ್ಟಕ್ಕೆ ಆಯ್ಕೆಯಾಗುವ ಮೂರ್ನಾಲ್ಕು ಹುಡುಗರು ಓಡುತ್ತಾರೆ, ಉಳಿದವರು ಚಪ್ಪಾಳೆ ಹೊಡೆಯುತ್ತಾರೆ. ಈ ಶಿಬಿರ ಹುಟ್ಟಿದ್ದು ಆ ಉಳಿದವರಿಗಾಗಿ. ನನಗೆ ಅತಿ ಇಷ್ಟವಾದದ್ದೂ ಅದೇ. ಆಯ್ಕೆ ಓಟ ಇಲ್ಲ, ಮೊದಲು ಬಂದವರಿಗೆ ಜಾಗ, ಅರ್ಧ ಜಾಗ ಹುಡುಗಿಯರಿಗೆ ಮೀಸಲು.

ಶುರು ಮಾಡಿದವರು ಏಳು ಜನ. ನಿವೃತ್ತರಾದ ಪಿಟಿ ಮೇಷ್ಟ್ರು ಒಬ್ಬರು. ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟಗಳಲ್ಲಿ 800 ಮೀಟರ್ ಓಡಿ, ಆಮೇಲೆ ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್ ಮಾಡಿಕೊಂಡ ಒಬ್ಬಳು ಹುಡುಗಿ, ಅವಳೇ ಇಲ್ಲಿನ ಕೋಚ್. ಇನ್ನುಳಿದವರು ಸೊಸೈಟಿಯ ಗುಮಾಸ್ತರು, ಅಡಿಕೆ ತೋಟದವರೊಬ್ಬರು, ಟೈಲರ್ ಅಕ್ಕ, ಆಟೋ ಓಡಿಸುವವರು, ಅಂಗನವಾಡಿ ಟೀಚರ್. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘ ಕಟ್ಟುವುದಕ್ಕೆ ಕಡೇಪಕ್ಷ ಏಳು ಜನ ಬೇಕು. ಆ ಏಳು ಜನ ಸೇರುವುದಕ್ಕೇ ಒಂದು ಮಳೆಗಾಲ ಹಿಡಿಯಿತಂತೆ. ಆಮೇಲೆ ಬೈಲಾ (ಸಂಘದ ನಿಯಮಾವಳಿ) ಬರೆದು, ಶಿವಮೊಗ್ಗಕ್ಕೆ ಓಡಾಡಿ ನೋಂದಣಿ ಮಾಡಿಸಿ, ಸಂಘದ ಹೆಸರಲ್ಲಿ ಪ್ಯಾನ್ ಕಾರ್ಡ್ ಮಾಡಿಸಿ, ಬ್ಯಾಂಕಿನಲ್ಲಿ ಖಾತೆ ತೆರೆದರು. ಚೆಕ್ಕಿಗೆ ಇಬ್ಬರ ಸಹಿ ಕಡ್ಡಾಯ. ಮೈದಾನಕ್ಕೆ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ ಪತ್ರ ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ, ಎರಡನ್ನೂ ಲಿಖಿತವಾಗಿ ಪಡೆದರು. ಮಕ್ಕಳಿಗೆ ಅಪಘಾತ ವಿಮೆಯನ್ನೂ ಮಾಡಿಸಿದ್ದರು. ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಇದೆ. ನಮ್ಮ ಕಡೆ ಬೇಸಿಗೆ ಶಿಬಿರ ಅಂದರೆ ಒಂದು ಬ್ಯಾನರ್ ಕಟ್ಟಿ ದುಡ್ಡು ಎತ್ತುವುದೇ ಜಾಸ್ತಿ. ಮಗುವಿಗೆ ಏನಾದರೂ ಆದರೆ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ದುಡ್ಡಿನ ವಿಷಯ ಇನ್ನೂ ಚೆನ್ನಾಗಿತ್ತು. ಶುಲ್ಕ ಇಲ್ಲ. ಕೊಡುವುದಕ್ಕೆ ಆಗುವವರು ತಿಂಡಿಯ ಖರ್ಚಿಗೆ ಅಂತ ಕೊಡಬಹುದು, ಕೊಡದವರನ್ನು ಯಾರೂ ಕೇಳುವುದಿಲ್ಲ. ಯಾರು ಕೊಟ್ಟರು, ಯಾರು ಬಿಟ್ಟರು ಅನ್ನುವುದು ಮಕ್ಕಳಿಗೆ ಗೊತ್ತಾಗದ ಹಾಗೆ ನೋಡಿಕೊಂಡರು. ಶಾಲೆಯ ಜಗಲಿಯಲ್ಲಿ ಒಂದು ಕರಿಹಲಗೆ ಇಟ್ಟು ಪ್ರತಿ ಶನಿವಾರ ಆ ವಾರದ ಖರ್ಚು ಬರೆಯುತ್ತಿದ್ದರು. ಬಾಳೆಹಣ್ಣು, ಬೆಲ್ಲ, ಹೆಸರುಕಾಳು, ಗ್ಯಾಸ್ ಸಿಲಿಂಡರ್, ಬ್ಯಾಂಡೇಜು, ಎಲ್ಲವೂ ಪೈಸೆ ಸಮೇತ. ಬಂದ ದೇಣಿಗೆ ಎಡಗಡೆ, ಹೋದದ್ದು ಬಲಗಡೆ. ನೋಡುವುದಕ್ಕೆ ಅಂತಲೇ ಅಪ್ಪಂದಿರು ನಿಲ್ಲುತ್ತಿದ್ದರು. ಮುಂದಿನ ವರ್ಷಕ್ಕೆ 80ಜಿ ನೋಂದಣಿ ಮಾಡಿಸುತ್ತಾರಂತೆ. ಅದಿದ್ದರೆ ಹಳೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಕೊಟ್ಟ ದೇಣಿಗೆಯ ಮೇಲೆ ರಿಯಾಯಿತಿ ಸಿಗುತ್ತದೆ, ಆದರೆ ನಗದಾಗಿ 2000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಸಿಗುವುದಿಲ್ಲ. ದೊಡ್ಡ ಮೊತ್ತ ಬ್ಯಾಂಕಿನ ಮೂಲಕವೇ ಬರಲಿ ಅಂತ ಗುಮಾಸ್ತರು ಈಗಲೇ ಎಲ್ಲರಿಗೂ ಹೇಳುತ್ತಿದ್ದಾರೆ.

ಇನ್ನು ಓಟ. ಬೆಳಿಗ್ಗೆ ಆರು ಗಂಟೆಗೆ ಮಕ್ಕಳು ಸೇರುತ್ತಿದ್ದರು. ಮೊದಲ ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮತ್ತೆ ಓಟ. ಹುಡುಗರು ಮೊದಲ ದಿನ ಸೀಟಿ ಊದಿದ್ದೇ ತಡ, ಕಿತ್ತುಕೊಂಡು ಓಡಿದರು. ಅರ್ಧ ಸುತ್ತಿಗೇ ಸೊಂಟ ಹಿಡಿದು ನಿಂತರು. ಮೇಷ್ಟ್ರು ಬೈಯಲಿಲ್ಲ. ಎಲ್ಲರನ್ನೂ ಕರೆದು, "ಈಗ ಹದಿಮೂರರ ಮಗ್ಗಿ ಹೇಳ್ಕೊಂಡು ಓಡಿ. ಮಗ್ಗಿ ಎಲ್ಲಿ ನಿಲ್ಲುತ್ತೋ ಅಲ್ಲಿ ನಿಮ್ಮ ಸ್ಪೀಡ್ ಜಾಸ್ತಿ ಆಯ್ತು ಅಂತ ಅರ್ಥ" ಅಂದರು.

ಅಲ್ಲಿಂದ ಮುಂದೆ ಮೈದಾನದ ತುಂಬ ಮಗ್ಗಿ. ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು. ಒಬ್ಬ ಹುಡುಗ, ಎತ್ತರದವನು, ಎಲ್ಲರಿಗಿಂತ ಮುಂದೆ ಹೋಗುವ ಚಟ ಅವನಿಗೆ. ಹದಿಮೂರೇಳ್ಲಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿ ತೊಂಬತ್ತೊಂದು ಅನ್ನುವುದು ಬಾಯಿಂದ ಬರಲಿಲ್ಲ. ಹಿಂದಿನಿಂದ ನಮ್ಮ ಮಗಳು ಮತ್ತು ಅವಳ ಗೆಳತಿ ಆರಾಮಾಗಿ ಮಗ್ಗಿ ಮುಗಿಸಿಕೊಂಡು ಅವನನ್ನು ದಾಟಿ ಹೋದರು. ಅವನೂ ನಕ್ಕು ಹೆಜ್ಜೆ ಕಡಿಮೆ ಮಾಡಿ ಅವರ ಜೊತೆ ಸೇರಿಕೊಂಡ. ಎರಡನೇ ವಾರದ ಹೊತ್ತಿಗೆ ಅದೇ ಹುಡುಗ ಹದಿನೇಳರ ಮಗ್ಗಿ ಹೇಳುತ್ತ ಅರ್ಧ ಗಂಟೆ ಎಲ್ಲೂ ನಿಲ್ಲದೆ ಓಡಿದ. ಅವನ ಅಮ್ಮನಿಗೆ ಎರಡು ಖುಷಿ.

ಇದರ ಹಿಂದೆ ಗಟ್ಟಿ ಕಾರಣ ಇದೆ. ಓಡುತ್ತ ಮಾತಾಡುವುದಕ್ಕೆ ಆಗುತ್ತಿದ್ದರೆ ಹೃದಯದ ಮೇಲೆ ಬೀಳುವ ಹೊರೆ ಹಿತವಾಗಿದೆ ಅಂತ ಅರ್ಥ. ಅಂಥ ನಿಧಾನದ ಓಟದಲ್ಲೇ ಹೃದಯ, ಶ್ವಾಸಕೋಶ ಗಟ್ಟಿಯಾಗುತ್ತವೆ. ಎಲುಬು ಮತ್ತು ಸ್ನಾಯುರಜ್ಜು ಗಟ್ಟಿಯಾಗುವುದಕ್ಕೆ ಇನ್ನೂ ಜಾಸ್ತಿ ಸಮಯ ಬೇಕು. ಉಸಿರು ಸಲೀಸಾಯಿತು ಅಂತ ಮಕ್ಕಳು ಒಂದೇ ಸಲ ದೂರ, ವೇಗ ಎರಡನ್ನೂ ಏರಿಸಿದರೆ ಮೊಣಕಾಲು, ಮೀನಖಂಡ ನೋಯುತ್ತವೆ. ಬೆಳೆಯುವ ವಯಸ್ಸಿನಲ್ಲಿ ಅದು ಬೇಗ ಆಗುತ್ತದೆ. ಹಾಗಂತ ವೇಗವೇ ಇರಲಿಲ್ಲ ಅಂತಲ್ಲ. ವಾರಕ್ಕೆ ಎರಡು ದಿನ ಕೊನೆಯಲ್ಲಿ ಅರವತ್ತು ಮೀಟರಿನ ಜೋರು ಓಟ ನಾಲ್ಕೈದು ಸಲ. ನಡುವೆ ಪೂರ್ತಿ ವಿಶ್ರಾಂತಿ. ಮಂಗಳವಾರ ಏರಿನಲ್ಲಿ ಓಡಿಸುತ್ತಿದ್ದರು. ಏರು ಹತ್ತುವಾಗ ಓಟ, ಇಳಿಯುವಾಗ ನಡಿಗೆ. ಇಳಿಜಾರಿನಲ್ಲಿ ಮಕ್ಕಳನ್ನು ಓಡಲು ಬಿಡಲೇ ಇಲ್ಲ. ಇಳಿಯುವಾಗಲೇ ಮಂಡಿಗೆ ಪೆಟ್ಟು ಜಾಸ್ತಿ, ಅದನ್ನು ಮೇಷ್ಟ್ರು ಚೆನ್ನಾಗಿ ತಿಳಿದಿದ್ದರು.

ನಮ್ಮ ತಂಗಿ ಮಗನ ವಿಷಯದಲ್ಲಿ ಅವರ ಮೇಲಿನ ನಂಬಿಕೆ ಇನ್ನೂ ಗಟ್ಟಿಯಾಯಿತು. ಅವನು ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದಿದ್ದಾನೆ. ಮೊಣಕಾಲ ಚಿಪ್ಪಿನ ಕೆಳಗೆ ಎಲುಬು ಸ್ವಲ್ಪ ಉಬ್ಬಿ, ಮುಟ್ಟಿದರೆ ನೋವು. ಹದಿಹರೆಯದ ಓಟಗಾರರಲ್ಲಿ, ಚೆಂಡಾಟ ಆಡುವವರಲ್ಲಿ ಇದು ಸಾಮಾನ್ಯ. ವೈದ್ಯರು ಇದನ್ನು ಆಸ್‌ಗುಡ್ ಶ್ಲಾಟರ್ ಅನ್ನುತ್ತಾರೆ. ಬೆಳವಣಿಗೆ ನಿಂತ ಮೇಲೆ ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ನಾನು ಹೇಳುವ ಮೊದಲೇ ಕೋಚ್ ಹುಡುಗಿ ಅವನ ಹೆಜ್ಜೆ ನೋಡಿ ಪಕ್ಕಕ್ಕೆ ಕರೆದು ಕೇಳಿದ್ದಳು. ಜಿಗಿತ, ಏರು ಓಟ ಎರಡೂ ನಿಲ್ಲಿಸಿ, ನೋವು ಬಾರದಷ್ಟು ಮಾತ್ರ ಓಡಿಸಿ, ತೊಡೆಯ ಸ್ನಾಯು ಎಳೆಯುವ ವ್ಯಾಯಾಮ ಕೊಟ್ಟಳು. "ನೋವು ತಡ್ಕೊಂಡು ಓಡಿದ್ರೆ ಶೂರ ಅಲ್ಲ ಕಣೋ, ಹೇಳಿದ್ರೆ ಜಾಣ" ಅಂದಳಂತೆ. ಅವನು ಮನೆಗೆ ಬಂದು ಅದನ್ನೇ ನಾಲ್ಕು ಸಲ ಹೇಳಿದ.

ಈಗ ಮಲೆನಾಡಿನಲ್ಲಿ ಬೇಸಿಗೆ ಶಿಬಿರ ಮಾಡುವ ಯಾರೇ ಆದರೂ ಓದಲೇಬೇಕಾದ ಭಾಗ. ಕಾಡುದಾರಿಯಲ್ಲಿ ಓಡುವುದು ಚಂದ, ಫೋಟೋಗೂ ಚಂದ. ಆದರೆ ಬೇಸಿಗೆ ಅಂದರೆ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಉಣುಗು (ಉಣ್ಣಿ) ಕಚ್ಚುವುದರಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಹಾವಳಿ ಜಾಸ್ತಿ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಈ ಕಾಯಿಲೆ ಹರಡಿ ಜನ ಸತ್ತದ್ದನ್ನು ಈ ಜಿಲ್ಲೆಯಲ್ಲಿ ಆರೋಗ್ಯ ಇಲಾಖೆಯ ಕೆಲಸ ಮಾಡುವವರು ಯಾರೂ ಮರೆಯುವುದಿಲ್ಲ. ಹಾಗಾಗಿ ಸೇರಿಸುವ ಮೊದಲು ನಾನು ಕೇಳಿದ ಮೊದಲ ಪ್ರಶ್ನೆಯೇ, ಮಕ್ಕಳನ್ನು ಎಲ್ಲಿ ಓಡಿಸುತ್ತೀರಿ ಅಂತ.

ಅವರು ಒಂದು ಹಾಳೆ ತೋರಿಸಿದರು. ಓಡುವ ದಾರಿಯನ್ನು ಕೈಯಲ್ಲೇ ಬರೆದಿದ್ದರು. ಶಾಲೆಯ ಮೈದಾನ, ಅಲ್ಲಿಂದ ಕೊಯ್ಲಾದ ಗದ್ದೆ ಬಯಲಿನ ಪಕ್ಕದ ಮಣ್ಣುರಸ್ತೆ, ಸಂಕ (ಕಾಲುಸೇತುವೆ) ದಾಟಿ ದೇವಸ್ಥಾನದ ತನಕ, ವಾಪಸ್. ಕಾಡು ತಾಗುವ ಜಾಗ ಎಲ್ಲೂ ಇಲ್ಲ. ಎಲೆ ಉದುರಿ ಬಿದ್ದ ತರಗಿನ ಮೇಲೆ ಕೂರುವುದಕ್ಕೂ ಬಿಡಲಿಲ್ಲ. ಹತ್ತಿರದಲ್ಲೆಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಮೈದಾನ ಬಿಟ್ಟು ಹೊರಗೆ ಓಟವೇ ಇಲ್ಲ ಅಂತ ಬರೆದಿತ್ತು. ಆಶಾ ಕಾರ್ಯಕರ್ತೆಯಿಂದ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ತರಿಸಿಟ್ಟಿದ್ದರು, ಮಣ್ಣುರಸ್ತೆಗೆ ಹೋಗುವ ದಿನ ಕೈಕಾಲಿಗೆ ಹಚ್ಚಿಸಿಯೇ ಬಿಡುತ್ತಿದ್ದರು. ವಾಪಸ್ ಬಂದ ಮೇಲೆ ಸಾಕ್ಸ್ ಮಡಚಿ, ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳುವುದು ಕಡ್ಡಾಯ. ಮನೆಗೆ ಹೋಗಿ ಬಿಸಿನೀರಿನ ಸ್ನಾನ, ಓಡಿದ ಬಟ್ಟೆ ಬಿಸಿನೀರಿಗೆ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರದೆ ಆಸ್ಪತ್ರೆಗೆ ಬನ್ನಿ ಅಂತ ಹೇಳುವುದಕ್ಕೆ ಒಂದು ಬೆಳಿಗ್ಗೆ ನನ್ನನ್ನೇ ನಿಲ್ಲಿಸಿದರು. ಅಪ್ಪ ಅಮ್ಮಂದಿರನ್ನೂ ಕರೆದಿದ್ದರು. ಆಸ್ಪತ್ರೆಯಲ್ಲಿ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ, ಇಲ್ಲಿ ಎಲ್ಲರೂ ಕೇಳಿದರು.

ಸಿಡಿಲಿಗೂ ಅಷ್ಟೇ ಬಿಗಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ನಮಗೆ ಹೊಸದಲ್ಲ. ಸಂಜೆಯ ಅಭ್ಯಾಸದ ಹೊತ್ತಲ್ಲಿ ಗುಡುಗು ಕೇಳಿದರೆ ಸಾಕು, ಎಲ್ಲರೂ ಕ್ಲಾಸ್‌ರೂಮಿನ ಒಳಗೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಕಾಲಿಡುವ ಹಾಗಿಲ್ಲ. ಮರದ ಕೆಳಗೆ ನಿಲ್ಲುವುದಂತೂ ಇಲ್ಲವೇ ಇಲ್ಲ. ಮಕ್ಕಳು ಬೇಜಾರು ಮಾಡಿಕೊಂಡರು, ಮೇಷ್ಟ್ರು ಜಗ್ಗಲಿಲ್ಲ.

ತಿಂಡಿ ಸರಳ, ರುಚಿ ಚೆನ್ನಾಗಿತ್ತು. ಒಂದು ದಿನ ಹೆಸರುಕಾಳು ಉಸಲಿ, ಒಂದು ದಿನ ಅವಲಕ್ಕಿ, ಒಂದು ದಿನ ರಾಗಿ ಅಂಬಲಿ, ಜೊತೆಗೆ ಬಾಳೆಹಣ್ಣು. ಕುಡಿಯುವುದಕ್ಕೆ ಉಪ್ಪು ಹಾಕಿದ ಮಜ್ಜಿಗೆ, ಇಲ್ಲವಾದರೆ ಮುರುಗಲ (ಕೋಕಂ) ಪಾನಕ. ಬಣ್ಣದ ಬಾಟಲಿ ನೀರಿಗೆ ದುಡ್ಡು ಹಾಕದೆ ಇದ್ದದ್ದು ಒಳ್ಳೆಯದಾಯಿತು. ಒಂದು ಗಂಟೆಯೊಳಗಿನ ಓಟಕ್ಕೆ ಬರೀ ನೀರು ಸಾಕು. ಯಾರಿಗಾದರೂ ವಾಂತಿ, ಭೇದಿ ಆದರೆ ಅಂತ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕುವುದನ್ನು ದೊಡ್ಡ ಮಕ್ಕಳಿಗೆ ಕಲಿಸಿದೆ. ಚಮಚ ಅಂದರೆ ಟೀ ಚಮಚ, ತಲೆ ಸವರಿದ್ದು.

ಒಂದು ವಿಷಯಕ್ಕೆ ನಾನೇ ಬಾಯಿ ಹಾಕಿದೆ. ಶಾಲೆ ಇರುವಾಗ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಾರೆ. ರಜೆ ಬಂದರೆ ಅದು ತಪ್ಪುತ್ತದೆ. ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಅಂಥ ಮಗು ಓಡುವಾಗ ಬೇಗ ಸುಸ್ತಾಗುತ್ತದೆ. ನೋಡಿದವರು ಸೋಮಾರಿ ಅಂದುಬಿಡುತ್ತಾರೆ. ಇಲ್ಲೂ ಒಬ್ಬಳು ಹುಡುಗಿ ಪ್ರತಿದಿನ ಎರಡನೇ ಸುತ್ತಿಗೇ ಕೂತುಬಿಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಅವಳ ಅಮ್ಮನಿಗೆ ಹೇಳಿ ರಕ್ತ ಪರೀಕ್ಷೆಗೆ ಕಳಿಸಿದೆವು. ಈಗ ಔಷಧಿ ತೆಗೆದುಕೊಳ್ಳುತ್ತಿದ್ದಾಳೆ. ಊಟ ಆದ ಕೂಡಲೇ ಟೀ, ಕಾಫಿ ಕುಡಿಯಬೇಡಿ, ಕಾಳಿನ ಜೊತೆ ಲಿಂಬೆಹುಳಿ ಹಿಂಡಿಕೊಳ್ಳಿ ಅಂತ ಎಲ್ಲರಿಗೂ ಹೇಳಿದೆವು. ಮುಂದಿನ ವರ್ಷ ಶಿಬಿರ ಶುರುವಾಗುವ ಮೊದಲೇ ಎಲ್ಲ ಮಕ್ಕಳ ಹಿಮೋಗ್ಲೋಬಿನ್ ನೋಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಸುಲಭ, ನಾನೇ ಮುಂದೆ ನಿಂತು ಮಾಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಹುಡುಗಿಯರ ಮುಜುಗರ ಬಿಡಿಸಿದ್ದು ಆ ಕೋಚ್ ಹುಡುಗಿ ಮತ್ತು ಟೈಲರ್ ಅಕ್ಕ. ಟೈಲರ್ ಅಕ್ಕ ಮಂಡಿ ಮುಚ್ಚುವ, ಗಾಳಿಯಾಡುವ ಕಾಟನ್ ಪ್ಯಾಂಟ್ ಮತ್ತು ಉದ್ದದ ಸಡಿಲ ಟೀ ಶರ್ಟ್ ಹೊಲಿದು ಕೊಟ್ಟರು. ಬಟ್ಟೆಯ ಬೆಲೆ ಮಾತ್ರ ತೆಗೆದುಕೊಂಡರು. ಮುಟ್ಟಾದರೆ ಏನು ಮಾಡಬೇಕು ಅನ್ನುವುದನ್ನು ಕೋಚ್ ಮೊದಲ ದಿನವೇ ಹುಡುಗಿಯರನ್ನು ಬೇರೆ ಕೂರಿಸಿ ಮಾತಾಡಿದಳು. ಓಡಬೇಕು ಅನಿಸಿದರೆ ಓಡಿ, ಬೇಡ ಅನಿಸಿದರೆ ನಡೆಯಿರಿ, ಹೇಳುವುದಕ್ಕೆ ನಾಚಿಕೆ ಬೇಡ. ಪ್ಯಾಡ್ ಇಡುವ ಜಾಗ ತೋರಿಸಿದಳು. ನಮ್ಮ ಮಗಳು ಎಂಟನೇ ಕ್ಲಾಸಿನಿಂದ ಆ ನಾಲ್ಕು ದಿನ ಪಿಟಿಗೆ ರಜಾ ಚೀಟಿ ಬರೆಸಿಕೊಂಡು ಹೋಗುತ್ತಿದ್ದವಳು. ಶಿಬಿರದಲ್ಲಿ ಒಂದು ದಿನವೂ ಕೇಳಲಿಲ್ಲ. ಯಾವಾಗಲೂ ಒಬ್ಬರು ಹೆಂಗಸು ಮೈದಾನದಲ್ಲಿ ಇರಲೇಬೇಕು, ಒಂದೇ ಮಗುವಿನ ಜೊತೆ ದೊಡ್ಡವರು ಒಬ್ಬರೇ ಕೋಣೆಯಲ್ಲಿ ಇರುವ ಹಾಗಿಲ್ಲ ಅನ್ನುವ ನಿಯಮ ಬಾಗಿಲ ಮೇಲೆ ಅಂಟಿಸಿತ್ತು. ಹೆಣ್ಣು ಹೆತ್ತವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ?

ಶೂ ಬಗ್ಗೆ ಒಂದೇ ಮಾತು. ಶಿವಮೊಗ್ಗ, ಬೆಂಗಳೂರಿನ ಓಟಗಾರರಿಂದ ಬಳಸಿದ ಶೂ ತರಿಸಿ ತೊಳೆದು ಅಳತೆ ಪ್ರಕಾರ ಜೋಡಿಸಿಟ್ಟಿದ್ದರು. ಬೇಕಾದವರು ತೆಗೆದುಕೊಳ್ಳಬಹುದು. ಬರಿಗಾಲಲ್ಲಿ ಓಡಿ ಅಭ್ಯಾಸ ಇದ್ದ ಮಕ್ಕಳಿಗೆ ಹುಲ್ಲಿನ ಮೇಲೆ ಹಾಗೇ ಓಡಲು ಬಿಟ್ಟರು.

ಕೊನೆಯ ವಾರ ಎಲ್ಲರನ್ನೂ ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. ಹೆಚ್ಚಿನ ಮಕ್ಕಳು ಟ್ರ್ಯಾಕ್ ನೋಡಿದ್ದೇ ಮೊದಲ ಸಲ. ಒಂದು ಸುತ್ತು 400 ಮೀಟರ್, 1500 ಅಂದರೆ ಮೂರು ಮುಕ್ಕಾಲು ಸುತ್ತು. ಒಂದೊಂದು ಸುತ್ತಿಗೂ ಹಿಡಿದ ಸಮಯವನ್ನು ಗುಮಾಸ್ತರು ಪುಸ್ತಕದಲ್ಲಿ ಬರೆದುಕೊಂಡರು. ಮೊದಲ ಸುತ್ತು, ಮೂರನೇ ಸುತ್ತು ಹತ್ತಿರ ಹತ್ತಿರ ಇದ್ದವರಿಗೆ ಮೇಷ್ಟ್ರು ಭೇಷ್ ಅಂದರು. ಮೊದಲು ಬಂದವನಿಗೆ ಅನ್ನಲಿಲ್ಲ, ಏಕೆಂದರೆ ಅವನು ಮೊದಲ ಸುತ್ತಿಗೇ ಶಕ್ತಿ ಎಲ್ಲ ಸುರಿದಿದ್ದ. ಅಲ್ಲೇ ಕೂರಿಸಿಕೊಂಡು ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಅವರ ಬಗ್ಗೆ ಹೇಳಿದರು. ಹುಲಿಕಲ್ ಘಾಟಿ ಇಳಿದರೆ ಸಿಗುವ ಸಿದ್ದಾಪುರ ಕಡೆಯವರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಾಲ್ಕು ಜನ ತಲಾ 400 ಮೀಟರ್ ಓಡುವ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ಚಿನ್ನ. ಘಟ್ಟದ ಕೆಳಗಿನ ಹಳ್ಳಿಯಿಂದ ಅಲ್ಲಿಗೆ ಹೋದರು ಅಂದಾಗ ನಮ್ಮ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಈಗ ಸರಿಯಾಗದೇ ಇದ್ದದ್ದು. ಮೊದಲನೆಯದು ಸಮಾರೋಪ. ಮೂರು ವಾರ ಮಕ್ಕಳನ್ನು ಅಷ್ಟು ಚೆನ್ನಾಗಿ ನೋಡಿಕೊಂಡವರು, ಕೊನೆಯ ದಿನ ಅತಿಥಿಗಳು ಬರುವುದು ತಡವಾಯಿತು ಅಂತ ಹನ್ನೊಂದು ಗಂಟೆಯ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು. ಭಾಷಣ ಮುಗಿಯುವಷ್ಟರಲ್ಲಿ ಇಬ್ಬರಿಗೆ ತಲೆಸುತ್ತು ಬಂತು. ನಾನು ಎದ್ದು ಹೋಗಿ ಮಕ್ಕಳನ್ನು ನೆರಳಿಗೆ ಕೂರಿಸಿದೆ. ಅತಿಥಿಗಳಿಗೆ ಶಾಮಿಯಾನ, ಓಡಿದವರಿಗೆ ಬಿಸಿಲು, ಇದು ಎಲ್ಲಿಯ ನ್ಯಾಯ? ಸಮಾರಂಭ ಬೇಕೇಬೇಕು ಅಂತಾದರೆ ಬೆಳಿಗ್ಗೆ ಏಳಕ್ಕೆ ಇಟ್ಟುಕೊಳ್ಳಲಿ, ಬಂದವರು ಬರಲಿ. ಇನ್ನೊಂದು, ಅವತ್ತು ಮೊದಲ ಮೂರು ಜನರಿಗೆ ಮಾತ್ರ ಕಪ್ ಕೊಟ್ಟರು. ಆಯ್ಕೆಯೇ ಇಲ್ಲದೆ ಶುರುವಾದ ಶಿಬಿರ ಹಾಗೆ ಮುಗಿದದ್ದು ನನಗೆ ತುಂಬಾ ಬೇಸರ ತಂದಿತು. ಗುಮಾಸ್ತರ ಪುಸ್ತಕದಲ್ಲಿ ಪ್ರತಿ ಮಗುವಿನ ಮೊದಲ ದಿನದ ಸಮಯ, ಕೊನೆಯ ದಿನದ ಸಮಯ ಎರಡೂ ಇವೆ. ಅದನ್ನು ಒಂದು ಕಾಗದದಲ್ಲಿ ಬರೆದು ಹೆಸರು ಹಾಕಿ ಕೊಟ್ಟರೆ ಸಾಕು. ಮಕ್ಕಳು ಅದನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆ.

ಎರಡನೆಯದು ಬರುವ ಹೋಗುವ ವ್ಯವಸ್ಥೆ. ನಮ್ಮ ಹಳ್ಳಿಗಳಿಗೆ ಮೊದಲ ಬಸ್ಸು ಬರುವುದೇ ಏಳರ ಮೇಲೆ. ಆಟೋದವರು ತಮ್ಮ ದಾರಿಯ ಮಕ್ಕಳನ್ನು ಬಾಡಿಗೆ ಇಲ್ಲದೆ ಕರೆತಂದರು, ಅವರಿಗೆ ಕೈ ಮುಗಿಯಬೇಕು. ಆದರೆ ಹೊಳೆಯಾಚೆಯ ಮೂವರು ಹುಡುಗಿಯರು ಅರ್ಧಕ್ಕೇ ಬಿಟ್ಟರು, ಬೆಳಿಗ್ಗೆ ಕತ್ತಲಲ್ಲಿ ಕಳಿಸುವುದಕ್ಕೆ ಮನೆಯಲ್ಲಿ ಒಪ್ಪಲಿಲ್ಲ. ಯಾರಿಗಾಗಿ ಶಿಬಿರ ಮಾಡಿದರೋ ಅವರೇ ತಪ್ಪಿಹೋದ ಹಾಗಾಯಿತು. ಜೀಪ್ ಬಾಡಿಗೆಗೆ ಹಿಡಿಯುವುದಕ್ಕೆ ದುಡ್ಡು ಕೂಡಿಸುವುದೇ ಮುಂದಿನ ವರ್ಷದ ಮೊದಲ ಕೆಲಸ ಆಗಬೇಕು. ಟೀ ಶರ್ಟ್ ಮೇಲೆ ಹೆಸರು ಹಾಕಿಸುವುದೆಲ್ಲ ಆಮೇಲೆ.

ಶೌಚಾಲಯ ಇತ್ತು, ನೀರು ಒಂದೊಂದು ದಿನ ಇರಲಿಲ್ಲ. ಬೇಸಿಗೆಯಲ್ಲಿ ಶಾಲೆಯ ಬಾವಿ ತಳ ಕಾಣುತ್ತದೆ, ಟ್ಯಾಂಕರ್ ವ್ಯವಸ್ಥೆ ಮೊದಲೇ ಮಾಡಿಕೊಳ್ಳಬೇಕಿತ್ತು. ಹುಡುಗಿಯರು ನೀರಿಲ್ಲ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದು ಓಡುವ ಮಗುವಿಗೆ ಒಳ್ಳೆಯದಲ್ಲ.

ಹತ್ತನೇ ಕ್ಲಾಸಿಗೆ ಹೋಗುವ ಮಕ್ಕಳ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಏಪ್ರಿಲ್‌ನಿಂದಲೇ ಟ್ಯೂಷನ್ ಅಂತ ಶಿಬಿರ ಬಿಡಿಸಿದವರು ಇದ್ದಾರೆ. ಎಂಟು ಗಂಟೆಗೆ ಬೆಳಗಿನ ಓಟ, ತಿಂಡಿ ಎರಡೂ ಮುಗಿದಿರುತ್ತಿತ್ತು. ನಮ್ಮ ಮಗಳು ಒಂಬತ್ತೂವರೆಗೆ ಓದುವುದಕ್ಕೆ ಕೂರುತ್ತಿದ್ದಳು, ರಾತ್ರಿ ಹತ್ತಕ್ಕೆ ತಾನಾಗಿ ಮಲಗುತ್ತಿದ್ದಳು. ಮೊಬೈಲ್ ಕಿತ್ತುಕೊಳ್ಳುವ ಜಗಳ ಆ ಮೂರು ವಾರ ನಮ್ಮ ಮನೆಯಲ್ಲಿ ಇರಲಿಲ್ಲ.

ಬೇರೆ ಊರಿನಲ್ಲಿ ಶುರು ಮಾಡಬೇಕು ಅನ್ನುವವರು ದಸರಾ ರಜೆಯ ಹೊತ್ತಿಗೇ ಏಳು ಜನರನ್ನು ಕೂಡಿಸಿ. ಅದರಲ್ಲಿ ಇಬ್ಬರಾದರೂ ಹೆಂಗಸರಿರಲಿ, ಒಬ್ಬರು ಲೆಕ್ಕ ಗೊತ್ತಿರುವವರು, ಒಬ್ಬರು ನಿಮ್ಮ ಊರಿನ ಆಸ್ಪತ್ರೆಯವರು ಇರಲಿ. ಮೈದಾನದ ಅನುಮತಿ ಜನವರಿಯೊಳಗೆ ಕೇಳಿ, ಪರೀಕ್ಷೆ ಶುರುವಾದರೆ ಶಾಲೆಯವರಿಗೆ ಪುರುಸೊತ್ತಿರುವುದಿಲ್ಲ. ನಲವತ್ತು ಮಕ್ಕಳಿಗಿಂತ ಜಾಸ್ತಿ ಬೇಡ. ಮಕ್ಕಳನ್ನು ಕಳಿಸುವವರು ಎರಡು ಜೊತೆ ಕಾಟನ್ ಸಾಕ್ಸ್, ಒಂದು ಟವೆಲ್, ಟೋಪಿ, ಸ್ವಂತ ನೀರಿನ ಬಾಟಲಿ ಕೊಟ್ಟು ಕಳಿಸಿ. ಆಸ್ತಮಾ ಇರುವ ಮಗುವಿನ ಕೈಯಲ್ಲಿ ಇನ್‌ಹೇಲರ್ ಇರಲಿ, ಫಿಟ್ಸ್ ಅಥವಾ ಹೃದಯದ ತೊಂದರೆ ಇದ್ದರೆ ಅರ್ಜಿಯಲ್ಲಿ ಬರೆದು ವೈದ್ಯರ ಚೀಟಿ ಲಗತ್ತಿಸಿ. ಇಲ್ಲಿನವರ ಅರ್ಜಿ ಫಾರ್ಮ್, ಬೈಲಾದ ಪ್ರತಿ, ದಾರಿಯ ನಿಯಮಗಳ ಹಾಳೆ ಮೂರೂ ನನ್ನ ಹತ್ತಿರ ಇವೆ. ಯಾರಿಗೆ ಬೇಕಾದರೂ ಕೊಡಿ ಅಂತ ಮೇಷ್ಟ್ರು ಹೇಳಿದ್ದಾರೆ. ಕೇಳಿದವರಿಗೆ ಕಳಿಸುತ್ತೇನೆ.